ರಣವಾರ್ತೆಯೂ ರಾಜಾಜ್ಞೆಯೂ

ಕ್ರಿಸ್ತಶಕ 1620ನೆಯ ಇಸವಿ ಡಿಸೆಂಬರ್ 2ನೆಯ ತಾರೀಖು ಆಮ್‌ಸ್ಟರ್‌ಡ್ಯಾಂ ನಗರದಲ್ಲಿ ಇಂಗ್ಲಿಷ್ ಭಾಷೆಯ ಒಂದು ಸುದ್ದಿಯ ಹಾಳೆ ಅಚ್ಚಾಗಿ ಹೊರಬಿದ್ದಿತು. ಇಂಗ್ಲಿಷ್ ವೃತ್ತಪತ್ರಿಕೆಗಳ ವಂಶಾವಳಿಯಲ್ಲಿ ಇಂದು ಕಣ್ಣಿಗೆ ಕಾಣಸಿಗುವ ಮೂಲಪುರುಷನೆಂದರೆ ಇದೇ. ಅದಕ್ಕೆ ಹೆಸರಿಲ್ಲ, ಅಗ್ರಲೇಖವಿಲ್ಲ. ಇರುವುದು ಒಂದೇ ಹಾಳೆ. ಅದನ್ನು ಮಾರಾಟಕ್ಕಿಟ್ಟವನು ಪೀಟರ್ ವಾನ್ ಡೆನ್ ಕೀರೆ ಎಂಬ ಭೂಪಟಗಳ ಕೆತ್ತನೆಗಾರನು. ಹಾಳೆಯ ಮೊದಲನೆಯ ವಾಕ್ಯವು ವಾಚಕರಿಗೆ ತಿಳಿಸುವುದೇನೆಂದರೆ, ಇಟಲಿಯ ಹೊಸ ಸಮಾಚಾರಗಳು ಇನ್ನೂ ಬಂದು ತಲಪಿಲ್ಲವೆಂಬುದು! ಸುದ್ದಿಪತ್ರಿಕೆಯು ಸುದ್ದಿಯಿಲ್ಲವೆಂಬ ಸುದ್ದಿಯಿಂದಲೇ ಬಾಯಿ ತೆರೆಯಿತೆಂದು ನಗುವವರು ನಗಬಹುದು. ಟಪಾಲು ಬಾರದ ರಾತ್ರಿ ಬರಿದಾದ ಕಾಲಮ್ಮನ್ನು ಎದುರಿಗಿಟ್ಟುಕೊಂಡು ಕುಳಿತು ಬಲ್ಲ ನಾವು ಮಾತ್ರ ನಗಲಾರೆವು. ಬಾರದುದನ್ನು ಬಂದಿಲ್ಲವೆಂದು ಹೇಳುವ ಧೈರ್ಯ ಎಲ್ಲ ಪತ್ರಿಕೆಗಳಿಗೂ ಇರುವುದಿಲ್ಲ.

ಇಟಲಿಯಿಂದ ಬಾರದಿದ್ದರೂ ಬೊಹೀಮಿಯಾದಿಂದ ಬಂದಿತ್ತು. ಅದೇ ನವೆಂಬರ್ 8ನೆಯ ತಾರೀಖು ಪ್ರಾಗ್ ನಗರದ ಹೊರಗಿನ ಬಿಳಿಬೆಟ್ಟದ ಮೇಲೆ ನಡೆದ ಕಾಳಗದಲ್ಲಿ ಬೊಹೀಮಿಯಾದ ದೊರೆ ಫ್ರೆಡರಿಕ್ಕನ ಸೈನ್ಯವು ಚಕ್ರವರ್ತಿಯ ಸೈನ್ಯದ ಮುಂದೆ ಮುರಿದುಬಿದ್ದು, ದೊರೆಯು ಹೆಂಡತಿಯೊಡನೆ ದೇಶಭ್ರಷ್ಟನಾಗಿದ್ದನು. ಆ ಹೆಂಡತಿ ಎಲಿಜಬೆತ್, ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನ ಮಗಳು. ತಮ್ಮ ರಾಜಪುತ್ರಿಗೆ ಒದಗಿದ ವಿಪತ್ತನ್ನು ಕೇಳಿ ಇಂಗ್ಲೆಂಡಿನ ಪ್ರಜೆಗಳು ಕುದಿಯುತ್ತಿದ್ದರು. ದೊರೆಯ ಮನಸ್ಸು ಬೇರೆಯಾಗಿತ್ತು. ಚಕ್ರವರ್ತಿಯ ಬೆಂಬಲಕ್ಕೆ ನಿಂತಿದ್ದ ಸ್ಪೇನ್ ದೇಶದ ರಾಜಕುಮಾರಿಯನ್ನೇ ಮಗನಿಗೆ ತರಬೇಕೆಂದು ಅವನು ಸಂಧಾನ ನಡೆಸಿದ್ದನು. ಇಂಥ ಸಮಯದಲ್ಲಿ ಪ್ರಜೆಗಳು ಯುದ್ಧವಾರ್ತೆಗಳನ್ನು ಓದುವುದು ಯಾವ ದೊರೆಗೂ ರುಚಿಸದು. ಆದುದರಿಂದಲೇ ಇಂಗ್ಲಿಷ್ ಪತ್ರಿಕೆಯು ಇಂಗ್ಲೆಂಡಿನಲ್ಲಿ ಹುಟ್ಟದೆ ಸಮುದ್ರದಾಚೆ ಹುಟ್ಟಬೇಕಾಯಿತು.

ಮುದ್ರಿತ ವಾರಪತ್ರಿಕೆಯ ಕಲ್ಪನೆ ಆಗ ಹದಿನೈದು ವರ್ಷಗಳಷ್ಟು ಹಳೆಯದು. ವೆನಿಸ್ ಮೊದಲಾದ ಇಟಲಿಯ ಪಟ್ಟಣಗಳಲ್ಲಿ ಕೈಬರಹದ ವಾರ್ತಾಪತ್ರಗಳನ್ನು ಬರೆಯಿಸಿ ರಾಜರಿಗೂ ಸಾಹುಕಾರರಿಗೂ ಮಾರುವ ವೃತ್ತಿ ಹದಿನಾರನೆಯ ಶತಮಾನದಲ್ಲಿಯೇ ಬೆಳೆದಿತ್ತು. ಸ್ಟ್ರಾಸ್‌ಬುರ್ಗಿನ ಯೋಹಾನ್ ಕರೋಲಸ್ ಎಂಬವನೂ ಇದೇ ವೃತ್ತಿಯವನು. ವಾರವಾರವೂ ಒಂದೇ ಸುದ್ದಿಯನ್ನು ಮತ್ತೆ ಮತ್ತೆ ನಕಲು ಮಾಡಿ ಬೇಸತ್ತಿದ್ದ ಈತನು ಒಂದು ಅಚ್ಚುಕೂಟವನ್ನು ಕೊಂಡು, 1605ರಲ್ಲಿ ಆ ಪತ್ರಗಳನ್ನು ಅಚ್ಚಿನಲ್ಲಿಯೇ ತೆಗೆಯಲು ತೊಡಗಿದನು. ತನ್ನ ಕೆಲಸವನ್ನು ಮತ್ತೊಬ್ಬರು ಕದ್ದು ಅಚ್ಚುಮಾಡದಂತೆ ರಕ್ಷಣೆ ಕೊಡಬೇಕೆಂದು ಆ ವರ್ಷದ ಕೊನೆಗೆ ನಗರಸಭೆಗೆ ಅವನು ಬರೆದುಕೊಂಡ ಅರ್ಜಿಯಿಂದಲೇ ಲೋಕಕ್ಕೆ ಈ ಸಂಗತಿ ತಿಳಿದಿರುವುದು. ನಗರಸಭೆಯು ಅರ್ಜಿಯನ್ನು ತಳ್ಳಿಹಾಕಿತು. ಅರ್ಜಿಯನ್ನು ಮಾತ್ರ ದಫ್ತರದಲ್ಲಿ ಜೋಪಾನವಾಗಿ ಇಟ್ಟಿತು. ದಫ್ತರದವರಿಂದ ಚರಿತ್ರೆಗೆ ಆಗುವ ಉಪಕಾರ ಬಹುಮಟ್ಟಿಗೆ ಈ ಬಗೆಯದೇ.

1618ರಲ್ಲಿ ಜರ್ಮನಿಯಲ್ಲಿ ಹೊತ್ತಿದ ಯುದ್ಧವು ಮೂವತ್ತು ವರ್ಷ ಉರಿಯಿತು. ಪತ್ರಿಕೆಗಳು ಆ ಬೆಂಕಿಯ ಬೆಳಕಿನಲ್ಲಿ ಬೆಳೆದುವೆಂದರೆ ಅತ್ಯುಕ್ತಿಯಲ್ಲ. ಹಳ್ಳಿಯವನಿಗೆ ಸೈನ್ಯ ಯಾವ ದಾರಿಯಲ್ಲಿ ಬರುತ್ತದೆಂದು ತಿಳಿಯಬೇಕು. ವರ್ತಕನಿಗೆ ಯಾವ ನದಿ ತೆರೆದಿದೆ, ಯಾವ ಪಟ್ಟಣಕ್ಕೆ ಮುತ್ತಿಗೆ ಬಿದ್ದಿದೆ ಎಂಬುದು ಗೊತ್ತಾಗಬೇಕು. ಪಾದ್ರಿಗೆ ತನ್ನ ಮತದ ಗತಿಯೇನೆಂಬ ಚಿಂತೆ. ಅಂದಿನ ಪತ್ರಿಕೆಯ ರಚನೆಯೂ ಸರಳವಾದುದೇ. ವಿಯೆನ್ನಾದಿಂದ ಇಂಥ ತಾರೀಖು, ಕಲೋನಿನಿಂದ ಇಂಥ ತಾರೀಖು, ಹೇಗ್ ನಗರದಿಂದ ಇಂಥ ತಾರೀಖು ಎಂದು ತಲೆಯಲ್ಲಿ ಊರು ತಾರೀಖುಗಳನ್ನು ಕೊಟ್ಟು, ಅಲ್ಲಿಂದ ಟಪಾಲಿನಲ್ಲಿ ಬಂದುದನ್ನು ಬಂದಂತೆಯೇ ಒಂದರ ಕೆಳಗೊಂದು ಜೋಡಿಸುವುದು. ವ್ಯಾಖ್ಯಾನವಿಲ್ಲ, ಉಪದೇಶವಿಲ್ಲ. ಕಥೋಲಿಕರ ಕಲೋನಿನ ಸುದ್ದಿಯೂ ಪ್ರಾಟೆಸ್ಟಂಟರ ಹೇಗಿನ ಸುದ್ದಿಯೂ ಒಂದೇ ಯುದ್ಧದ ವಿಷಯವಾಗಿ ಒಂದಕ್ಕೊಂದು ವಿರುದ್ಧ ಹೇಳಿದರೆ, ಎರಡೂ ಒಂದೇ ಪುಟದಲ್ಲಿ ನೆರೆಹೊರೆಯವರಂತೆ ಕುಳಿತಿರುತ್ತಿದ್ದುವು. ಇದನ್ನು ಕಂಡು ಆ ಕಾಲದ ಪಂಡಿತರು ಹಾಸ್ಯಮಾಡಿದರು. ನಮ್ಮ ಅಭಿಪ್ರಾಯದಲ್ಲಿ ಇದು ಹಾಸ್ಯಕ್ಕೆ ತಕ್ಕುದಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆಯನ್ನು ನಾವು ಬಾಯಲ್ಲಿ ಹೇಳಿಕೊಂಡು ಬಂದಿದ್ದೇವೆ. ಆ ಹಾಳೆಗಳ ವಾಚಕರು ಅದನ್ನು ವಾರವಾರವೂ ನಡೆಯಿಸಬೇಕಾಗಿತ್ತು.

ಲಂಡನ್ನಿನಲ್ಲಿ ಏನಾಯಿತೆಂಬುದನ್ನು ಈಗ ನೋಡೋಣ. ಅದೇ 1620ರ ಡಿಸೆಂಬರ್ ತಿಂಗಳಲ್ಲಿಯೇ, ರಾಜ್ಯರಹಸ್ಯಗಳನ್ನು ಕುರಿತು ಪ್ರಜೆಗಳು ನಾಲಗೆಯನ್ನು ಹರಿಯಬಿಡಬಾರದೆಂದು ಜೇಮ್ಸ್ ದೊರೆಯು ಡಂಗುರ ಸಾರಿಸಿದನು. ಮುಂದಿನ ಬೇಸಗೆಯಲ್ಲಿ ಮತ್ತೊಮ್ಮೆ ಸಾರಿಸಿದನು. ಒಂದೇ ಆಜ್ಞೆಯನ್ನು ಎರಡು ಸಲ ಸಾರಬೇಕಾದರೆ ಮೊದಲನೆಯ ಸಲ ಯಾರೂ ಕೇಳಲಿಲ್ಲವೆಂದೇ ಅರ್ಥ. ಆ ಬೇಸಗೆಯಲ್ಲಿ ಥಾಮಸ್ ಆರ್ಚರ್ ಎಂಬ ಪುಸ್ತಕವ್ಯಾಪಾರಿ ಇಂಥ ಹಾಳೆಗಳನ್ನು ಅಚ್ಚುಮಾಡಿಸಿದ್ದಕ್ಕಾಗಿ ಸೆರೆಮನೆ ಕಂಡನು. ಊರ ಬಾಯಿ ಮುಚ್ಚಲಾಗದೆಂದು ಕಂಡುಕೊಂಡ ಸರ್ಕಾರವು, ಬಾಯಿಗೆ ಒಂದು ಲೈಸೆನ್ಸು ಕಟ್ಟುವ ಉಪಾಯವನ್ನು ಹೂಡಿತು. 1621ರ ಸೆಪ್ಟೆಂಬರಿನಿಂದ ಲಂಡನ್ನಿನಲ್ಲಿಯೇ ಪತ್ರಿಕೆ ಹೊರಡಲು ಅಪ್ಪಣೆಯಾಯಿತು. ನಥಾನಿಯಲ್ ಬಟರ್, ನಿಕೊಲಸ್ ಬೋರ್ನ್ ಎಂಬ ಇಬ್ಬರು ವ್ಯಾಪಾರಿಗಳ ಹೆಸರು ಇದರೊಂದಿಗೆ ಸೇರಿಕೊಂಡಿತು. ಮರುವರ್ಷ ಹಾಳೆಯು ಪುಸ್ತಕದ ಆಕಾರವನ್ನು ತಾಳಿ ಕ್ರಮಸಂಖ್ಯೆಯನ್ನು ಪಡೆಯಿತು. ಹಳೆಯ ಸೈನಿಕನಾದ ಕ್ಯಾಪ್ಟನ್ ಥಾಮಸ್ ಗೇನ್ಸ್‌ಫರ್ಡನು ಸುದ್ದಿಗಳನ್ನು ಹೊಂದಿಸಿ ಬರೆಯುವ ಕೆಲಸಕ್ಕೆ ನಿಂತನು. ನಾಟಕಕಾರ ಬೆನ್ ಜಾನ್ಸನನಿಗೆ ಇದೆಲ್ಲ ಸಹಿಸಲಿಲ್ಲ. ಸುದ್ದಿಯನ್ನು ಸಂತೆಯ ಸರಕಿನಂತೆ ಅಳೆದು ಮಾರುವವರನ್ನು ಹಳಿಯುವುದಕ್ಕಾಗಿಯೇ ಅವನು 1626ರಲ್ಲಿ ‘ದಿ ಸ್ಟೇಪ್ಲ್ ಆಫ್ ನ್ಯೂಸ್’ ಎಂಬ ನಾಟಕವನ್ನು ಆಡಿಸಿ, ಬಟರನ ಹೆಸರಿನಲ್ಲಿರುವ ಬೆಣ್ಣೆಯನ್ನು ಬೇಕಾದಷ್ಟು ಕರಗಿಸಿದನು.

ಅಪ್ಪಣೆಯೊಳಗಿನ ಷರತ್ತು ಮಾತ್ರ ವಿಚಾರಾರ್ಹವಾದುದು. ಪರದೇಶದ ಸುದ್ದಿಯನ್ನು, ಅದೂ ಪರಭಾಷೆಯ ಪತ್ರಿಕೆಗಳಿಂದ ಭಾಷಾಂತರಿಸಿ ಅಚ್ಚುಹಾಕಬಹುದು. ಸ್ವದೇಶದ ರಾಜಕಾರಣದ ಮಾತನ್ನು ಎತ್ತಕೂಡದು. ಪ್ರಾಗಿನಲ್ಲಿ ಯಾರ ತಲೆ ಹೋಯಿತೆಂಬುದನ್ನು ಲಂಡನ್ನಿನ ಬಟ್ಟೆವ್ಯಾಪಾರಿ ಓದಬಹುದು, ವೆಸ್ಟ್‌ಮಿನ್‌ಸ್ಟರಿನಲ್ಲಿ ತನ್ನ ಪ್ರತಿನಿಧಿ ಏನು ಮಾತನಾಡಿದನೆಂಬುದನ್ನು ಓದಕೂಡದು. ದೂರದ ಬೆಂಕಿ ಮನೆಯನ್ನು ಸುಡದೆಂಬುದು ಮಂತ್ರಿಗಳ ಲೆಕ್ಕಾಚಾರ. ಅವರು ತಿಳಿಯದೆ ಹೋದುದು ಇದು: ಬೊಹೀಮಿಯಾದ ಜನಪ್ರಮುಖರು ತಮ್ಮ ದೊರೆಯನ್ನು ತಾವೇ ಆರಿಸಿಕೊಂಡದ್ದು ಸರಿಯೋ ತಪ್ಪೋ ಎಂದು ಹತ್ತು ವರ್ಷ ಜಗಲಿಯಲ್ಲಿ ಕುಳಿತು ಚರ್ಚಿಸಿದವನು, ಹನ್ನೊಂದನೆಯ ವರ್ಷ ಅದೇ ಪ್ರಶ್ನೆಯನ್ನು ತನ್ನ ಮನೆಯ ಕಡೆಗೆ ತಿರುಗಿಸದೆ ಇರಲಾರನು.

ಈ ಅರೆಬಾಯಿಯ ಸ್ವಾತಂತ್ರ್ಯವೂ ಉಳಿಯಲಿಲ್ಲ. 1631ರ ಮೇ ತಿಂಗಳಲ್ಲಿ ಮಗ್ದೆಬುರ್ಗ್ ನಗರವು ಚಕ್ರವರ್ತಿಯ ಸೈನ್ಯದ ಕೈಗೆ ಸಿಕ್ಕಿ ಸುಟ್ಟು ಬೂದಿಯಾಗಿ, ಸುಮಾರು 20,000 ಜನರು ಸತ್ತರು. ಯೂರೋಪಿನಾದ್ಯಂತ ಆ ಘೋರವನ್ನು ಕುರಿತ ಕರಪತ್ರಗಳು ಮಳೆಯಂತೆ ಸುರಿದುವು. ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ದೊರೆ ಗುಸ್ತಾವಸ್ ಅಡಾಲ್ಫಸನು ಬ್ರೈಟನ್‌ಫೆಲ್ಡಿನ ರಣದಲ್ಲಿ ಸೇಡು ತೀರಿಸಿಕೊಂಡನು. ಇಂಗ್ಲೆಂಡಿನ ವಾಚಕರಿಗೆ ಅವನು ಮನೆಮಾತಾದನು. ಪತ್ರಿಕೆಗಳ ವ್ಯಾಪಾರ ಏರಿತು. ಸ್ಪೇನಿನ ಪ್ರತಿನಿಧಿಯು ಇದರ ಮೇಲೆ ದೂರು ಹೇಳಿದನು. ಆಗ ಪಟ್ಟದಲ್ಲಿದ್ದ ಒಂದನೆಯ ಚಾರ್ಲ್ಸನ ಸರ್ಕಾರವು 1632ರ ಅಕ್ಟೋಬರ್ 17ನೆಯ ತಾರೀಖು ಪರದೇಶದ ವಾರ್ತಾಪತ್ರಿಕೆಗಳನ್ನೆಲ್ಲ ನಿಲ್ಲಿಸಿಬಿಟ್ಟಿತು. ಇಂಗ್ಲೆಂಡಿನ ಪಂಚಾಂಗದಂತೆ ಅಲ್ಲಿಂದ ಇಪ್ಪತ್ತೇ ದಿನಗಳಲ್ಲಿ, ನವೆಂಬರ್ 6ರಂದು, ಲ್ಯೂಟ್ಸೆನ್ನಿನ ಮಂಜಿನಲ್ಲಿ ಗುಸ್ತಾವಸನು ಕುದುರೆಯಿಂದ ಬಿದ್ದು ಮಡಿದನು. ಹನ್ನೆರಡು ವರ್ಷ ಯುದ್ಧವನ್ನು ಓದಿಕೊಂಡು ಬಂದ ಜನರಿಗೆ, ಆ ಯುದ್ಧದ ಅತ್ಯಂತ ದೊಡ್ಡ ಸುದ್ದಿಯನ್ನು ಹೇಳಲು ವಾರಪತ್ರಿಕೆಯೇ ಇಲ್ಲದೆ ಹೋಯಿತು. ಪುಸ್ತಕದ ರೂಪದಲ್ಲಿ ತಿಂಗಳುಗಟ್ಟಲೆ ತಡವಾಗಿ ಬಂದ ಚರಿತ್ರೆಗಳೇ ಅವರಿಗೆ ಗತಿಯಾದುವು. ಆರು ವರ್ಷದ ಮೇಲೆ, 1638ರಲ್ಲಿ, ಬಟರನಿಗೂ ಬೋರ್ನನಿಗೂ ಮತ್ತೆ ಸನದು ದೊರೆಯಿತು. ಸೇಂಟ್ ಪಾಲನ ದೇವಾಲಯದ ರಿಪೇರಿಗೆ ವರ್ಷಕ್ಕೆ 10 ಪೌಂಡು ಸಲ್ಲಿಸಬೇಕೆಂಬುದು ಅದರ ಷರತ್ತು. ಗೋಡೆ ಗಾರೆಗೂ ಜರ್ಮನಿಯ ರಣರಂಗಕ್ಕೂ ಏನು ನಂಟೆಂದು ಕೇಳಬಾರದು. ಖಜಾನೆಯ ತರ್ಕವೇ ಬೇರೆ.

1641ರಲ್ಲಿ ಕಟ್ಟೆ ಒಡೆಯಿತು. ಪಾರ್ಲಿಮೆಂಟು ದೊರೆಯನ್ನೆದುರಿಸಿ ನಿಂತು, ಮುದ್ರಣವನ್ನು ದಂಡಿಸುತ್ತಿದ್ದ ಸ್ಟಾರ್ ಚೇಂಬರ್ ನ್ಯಾಯಸ್ಥಾನವನ್ನು ಜುಲೈ ತಿಂಗಳಲ್ಲಿ ರದ್ದುಮಾಡಿತು. ನವೆಂಬರ್ 29ರಂದು ಪಾರ್ಲಿಮೆಂಟಿನ ಆ ವಾರದ ನಡೆವಳಿಗಳನ್ನು ಸಂಗ್ರಹಿಸಿದ ಎಂಟು ಪುಟದ ಪುಸ್ತಿಕೆಯೊಂದು ಲಂಡನ್ನಿನ ಬೀದಿಗೆ ಬಂದಿತು. ಇಂಗ್ಲೆಂಡಿನ ಸುದ್ದಿಯನ್ನು ಇಂಗ್ಲೆಂಡಿನ ಜನರಿಗೆ ನಿಯತಕಾಲದಲ್ಲಿ ಹೇಳಿದ ಮೊದಲ ಅಚ್ಚಿನ ಪತ್ರಿಕೆ ಇದೇ. ಕೆಲವೇ ತಿಂಗಳುಗಳಲ್ಲಿ ಇದರ ಬೆನ್ನಿಗೆ ಹತ್ತಾರು ಹುಟ್ಟಿದುವು. ಮರುವರ್ಷ ಅಂತರ್ಯುದ್ಧ ಮೊದಲಾಯಿತು.

ಈ ಯುದ್ಧದ ಪತ್ರಿಕೆಗಳು ಜರ್ಮನಿಯವುಗಳಂತೆ ಮೌನಿಗಳಲ್ಲ. ಆಕ್ಸ್‌ಫರ್ಡಿನಲ್ಲಿ ಬೀಡುಬಿಟ್ಟಿದ್ದ ದೊರೆಯ ಪಕ್ಷದವರು 1643ರ ಜನವರಿಯಲ್ಲಿ ‘ಮರ್ಕ್ಯೂರಿಯಸ್ ಔಲಿಕಸ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಮರ್ಕ್ಯೂರಿ ಎಂದರೆ ರೋಮನ್ನರ ದೇವದೂತ. ಔಲಿಕಸ್ ಎಂದರೆ ಆಸ್ಥಾನದವನು. ಅದನ್ನು ಬರೆದ ಪೀಟರ್ ಹೇಲಿನ್, ಜಾನ್ ಬರ್ಕನ್‌ಹೆಡ್ ಇಬ್ಬರೂ ವಿದ್ವಾಂಸರು, ಲೇಖನಿಯಲ್ಲಿ ಮೆಣಸಿನ ಖಾರವುಳ್ಳವರು. ಲಂಡನ್ನಿಗೆ ಕಳ್ಳದಾರಿಯಲ್ಲಿ ಸಾಗಿ ಅದು ಅಲ್ಲಿ ನಿಜಬೆಲೆಯ ಹಲವು ಪಟ್ಟಿಗೆ ಮಾರಿತು. ಅದರ ಸುಳ್ಳುಗಳನ್ನು ಒಂದೊಂದಾಗಿ ಹರಿದುಹಾಕುವ ಏಕೋದ್ದೇಶದಿಂದ ಪಾರ್ಲಿಮೆಂಟಿನ ಪಕ್ಷದವರು ಅದೇ ಆಗಸ್ಟಿನಲ್ಲಿ ‘ಮರ್ಕ್ಯೂರಿಯಸ್ ಬ್ರಿಟಾನಿಕಸ್’ ಅನ್ನು ಎದುರಿಗಿಳಿಸಿದರು.

1644ರ ಜುಲೈ 2ನೆಯ ತಾರೀಖಿನ ಮಾರ್ಸ್ಟನ್ ಮೂರ್ ಕಾಳಗದ ಉದಾಹರಣೆಯನ್ನು ವಾಚಕರ ಮುಂದಿಡುತ್ತೇವೆ. ಸಂಜೆ ಏಳು ಗಂಟೆಯ ಸುಮಾರಿಗೆ ಆರಂಭವಾದ ಆ ಯುದ್ಧದಲ್ಲಿ ಪಾರ್ಲಿಮೆಂಟಿನ ಬಲಪಾರ್ಶ್ವವು ಮೊದಲು ಮುರಿಯಿತು. ಅತ್ತ ಎಡಪಾರ್ಶ್ವದಲ್ಲಿ ಕ್ರಾಮ್‌ವೆಲ್ಲನು ದೊರೆಯ ಕುದುರೆಪಡೆಯನ್ನು ಧೂಳೀಪಟ ಮಾಡುತ್ತಿದ್ದುದನ್ನು ತಿಳಿಯದೆ, ಸ್ಕಾಟ್ಲೆಂಡಿನ ಸೇನಾಪತಿ ಲೀವೆನ್ನನೇ ಎಲ್ಲವೂ ಮುಗಿಯಿತೆಂದು ಬಗೆದು ಮೈಲಿಗಟ್ಟಲೆ ಓಡಿಹೋದನು. ಓಡುವವನ ಕಾಲು ಗೆದ್ದವನ ಕಾಲಿಗಿಂತ ಚುರುಕು. ಆದಕಾರಣ ಮೊದಲು ಹಬ್ಬಿದ್ದು ಪಲಾಯನ ಮಾಡಿದವರ ಸುದ್ದಿ. ಆಕ್ಸ್‌ಫರ್ಡಿನಲ್ಲಿ ದೊರೆಗೆ ಜಯವಾಯಿತೆಂದು ಉತ್ಸವವಾಯಿತು. ಔಲಿಕಸ್ ಅದನ್ನು ಅಚ್ಚುಹಾಕಿತು. ವಾಸ್ತವವಾಗಿ ಆ ರಾತ್ರಿ ದೊರೆಯು ಉತ್ತರ ದೇಶವನ್ನೇ ಕಳೆದುಕೊಂಡಿದ್ದನು. ಎತ್ತು ಈಯಿತೆಂದವನಿಗೆ ಕರುವನ್ನು ಕಟ್ಟೆಂದಂತೆ ಆಯಿತು. ಮರುವಾರ ಔಲಿಕಸ್ ತನ್ನ ಮಾತನ್ನು ನುಂಗಿಕೊಳ್ಳಬೇಕಾಗಿ ಬಂದು, ಲಂಡನ್ನಿನ ಪತ್ರಿಕೆಗಳಿಗೆ ಬೇಕಾದಷ್ಟು ಮೇವು ಸಿಕ್ಕಿತು.

ಇಲ್ಲಿ ನಾವು ಗಮನಿಸಬೇಕಾದುದು ಔಲಿಕಸಿನ ಅಪರಾಧವನ್ನಲ್ಲ. ರಣರಂಗದಿಂದ ನೂರಾರು ಮೈಲಿ ದೂರದಲ್ಲಿ ಕುಳಿತು ಬರೆಯುವವನಿಗೆ ಬರುವ ಮೊದಲ ಸುದ್ದಿ ಇಂಥದೇ ಆಗಿರುತ್ತದೆ. ಗಮನಿಸಬೇಕಾದುದು ಆ ಸುಳ್ಳಿನ ಆಯುಸ್ಸನ್ನು. ಎದುರುಪಕ್ಷದ ಪತ್ರಿಕೆ ಇದ್ದುದರಿಂದ ಆ ಸುಳ್ಳು ವಾರ ಹತ್ತು ದಿನಗಳಿಗಿಂತ ಹೆಚ್ಚು ಬದುಕಲಿಲ್ಲ. ಬ್ರಿಟಾನಿಕಸ್ ಸತ್ಯಸಂಧವಾಗಿತ್ತೆಂದಲ್ಲ, ಅದರ ಸುಳ್ಳುಗಳನ್ನು ಔಲಿಕಸ್ ಬಯಲಿಗೆಳೆಯುತ್ತಿತ್ತು. ಇಬ್ಬರು ಪಕ್ಷಪಾತಿಗಳು ಒಬ್ಬರನ್ನೊಬ್ಬರು ಕಾಯುತ್ತಿದ್ದರೆ ವಾಚಕನು ಮೋಸಹೋಗುವುದು ಕಷ್ಟ.

ಹೀಗೆ ಎರಡು ಕಡೆಯನ್ನೂ ಓದಿದ ಒಬ್ಬ ವಾಚಕನ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಜಾರ್ಜ್ ಥಾಮಸನ್ ಎಂಬ ಲಂಡನ್ನಿನ ಪುಸ್ತಕವ್ಯಾಪಾರಿಯು 1640ರಿಂದ 1661ರವರೆಗೆ ಬೀದಿಯಲ್ಲಿ ಮಾರಿದ ಪತ್ರಿಕೆ, ಕರಪತ್ರ, ಚೀಟಿಗಳನ್ನು ಪಕ್ಷಭೇದವಿಲ್ಲದೆ ಕೂಡಿಹಾಕಿ, ಬಹುಮಟ್ಟಿಗೆ ಪ್ರತಿಯೊಂದರ ಮೇಲೂ ತಾನು ಪಡೆದ ತಾರೀಖನ್ನು ಬರೆದಿಟ್ಟನು. ಒಟ್ಟು ಸುಮಾರು 22,000. ಸೈನ್ಯಗಳು ಸಮೀಪಿಸಿದಾಗಲೆಲ್ಲ ಆ ಭಂಡಾರವನ್ನು ಊರಿಂದೂರಿಗೆ ಸಾಗಿಸಿ ಬಚ್ಚಿಟ್ಟನು. ಒಮ್ಮೆ ಚಾರ್ಲ್ಸ್ ದೊರೆಯೇ ಒಂದು ಪುಸ್ತಿಕೆಯನ್ನು ಎರವಲು ತರಿಸಿಕೊಂಡು, ವೈಟ್ ದ್ವೀಪಕ್ಕೆ ತಪ್ಪಿಸಿಕೊಂಡು ಹೋಗುವ ದಾರಿಯಲ್ಲಿ ಕೆಸರಿನಲ್ಲಿ ಬೀಳಿಸಿದನಂತೆ. ದೊರೆಯು ಅದನ್ನು ಮರೆಯದೆ ಹಿಂದಿರುಗಿಸಿದನು. ಎರವಲು ಪುಸ್ತಕವನ್ನು ಹಿಂದಿರುಗಿಸುವ ಗುಣವೊಂದು ಆ ದೊರೆಯಲ್ಲಿತ್ತೆಂದು ಅವನ ವೈರಿಗಳೂ ಒಪ್ಪಬೇಕು. ಆ ಕೆಸರಿನ ಕಲೆಯ ಪುಸ್ತಿಕೆಯೊಡನೆ ಥಾಮಸನ್ನನ ಸಂಗ್ರಹವು ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದಿಲ್ಲದಿದ್ದರೆ ಈ ಲೇಖನದ ಅರ್ಧಭಾಗಕ್ಕೆ ಆಧಾರವೇ ಇರುತ್ತಿರಲಿಲ್ಲ.

ಬ್ರಿಟಾನಿಕಸಿನ ಲೇಖನಿ ಹಿಡಿದಿದ್ದವನು ಮಾರ್ಚ್‌ಮಾಂಟ್ ನೀಡಮ್. ಮೇಲೆ ಹೇಳಿದ ಆಮ್‌ಸ್ಟರ್‌ಡ್ಯಾಂ ಹಾಳೆ ಅಚ್ಚಾದ 1620ರಲ್ಲಿಯೇ ಹುಟ್ಟಿದವನು. 1645ರ ಜೂನ್‌ನಲ್ಲಿ ನೇಸ್‌ಬಿಯ ರಣದಲ್ಲಿ ದೊರೆಯ ಖಾಸಗಿ ಕಾಗದಗಳ ಪೆಟ್ಟಿಗೆ ಸೆರೆಸಿಕ್ಕಿ, ಪಾರ್ಲಿಮೆಂಟು ಅವನ್ನು ಅಚ್ಚುಹಾಕಿಸಿತು. ಆ ಕಾಗದಗಳ ಮೇಲೆ ನೀಡಮನು ವಾರವಾರವೂ ವ್ಯಾಖ್ಯಾನ ಬರೆದನು. ಕೊನೆಗೆ ಕಳೆದುಹೋದ ದೊರೆಯನ್ನು ಹುಡುಕಿಕೊಡಿರೆಂದು ಅವನ ತೊದಲುನುಡಿಯನ್ನೇ ಗುರುತಾಗಿ ಹೇಳಿ ಅಣಕಿಸಿದಾಗ ಲಾರ್ಡರ ಸಭೆಯೂ ಕೆರಳಿತು. 1646ರಲ್ಲಿ ಸೆರೆಮನೆ ಸೇರಿ, ಇನ್ನು ಬರೆಯುವುದಿಲ್ಲವೆಂದು ಮಾತುಕೊಟ್ಟು ಹೊರಬಂದನು. 1647ರಲ್ಲಿ ದೊರೆಯ ಕ್ಷಮೆ ಪಡೆದು, ದೊರೆಯ ಪರವಾಗಿ ‘ಮರ್ಕ್ಯೂರಿಯಸ್ ಪ್ರಾಗ್ಮಾಟಿಕಸ್’ ಬರೆದನು! ದೊರೆಯ ತಲೆ ಹೋದ 1649ರಲ್ಲಿ ಮತ್ತೆ ಸೆರೆ. 1650ರಲ್ಲಿ ಗಣರಾಜ್ಯದಿಂದ ವರ್ಷಕ್ಕೆ 100 ಪೌಂಡು ವೇತನ ಪಡೆದು ‘ಮರ್ಕ್ಯೂರಿಯಸ್ ಪೊಲಿಟಿಕಸ್’ ಆರಂಭಿಸಿದನು. ಗಾಳಿ ಬಂದಾಗ ತೂರಿಕೊಳ್ಳುವ ವಿದ್ಯೆಯಲ್ಲಿ ಇವನನ್ನು ಮೀರಿಸಿದವರು ನಮ್ಮ ವೃತ್ತಿಯಲ್ಲಿ ಅಪರೂಪ. ಇವನಷ್ಟು ಚೆನ್ನಾಗಿ ಬರೆದವರೂ ಅಪರೂಪವೇ. ಪೊಲಿಟಿಕಸಿನ ಪುಟಗಳಲ್ಲಿ ಗಣರಾಜ್ಯದ ಸಿದ್ಧಾಂತವನ್ನು ಅವನು ಸಾಮಾನ್ಯರಿಗೆ ತಿಳಿಯುವಂತೆ ಬಿಡಿಸಿ ಹೇಳಿದ ಬರಹವು ಬಾಡಿಗೆಯ ಬರಹದಂತೆ ಕಾಣುವುದಿಲ್ಲ. ಆ ಪತ್ರಿಕೆಯನ್ನು ಒಂದು ವರ್ಷದಷ್ಟು ಕಾಲ ಪರಿಶೀಲಿಸಿ ಅಪ್ಪಣೆ ಕೊಡುತ್ತಿದ್ದವನು ಮಹಾಕವಿ ಮಿಲ್ಟನ್. 1644ರಲ್ಲಿ ಮುದ್ರಣಕ್ಕೆ ಮುಂಚಿತ ಅಪ್ಪಣೆಯೆಂಬ ಪದ್ಧತಿಯನ್ನೇ ಖಂಡಿಸಿ ‘ಅರಿಯೋಪಜಿಟಿಕ’ ಬರೆದವನೂ ಅವನೇ. ಅಧಿಕಾರದ ಗದ್ದುಗೆಯ ಪಕ್ಕದಲ್ಲಿ ಕುಳಿತಾಗ ಎಂಥವರ ಕೈಗೂ ಮೊಹರು ಬರುತ್ತದೆ.

1655ರ ಆಗಸ್ಟಿನಲ್ಲಿ ಕ್ರಾಮ್‌ವೆಲ್ಲನು ಕಟ್ಟುನಿಟ್ಟಾದ ಆಜ್ಞೆ ಹೊರಡಿಸಿದನು. ಅಕ್ಟೋಬರಿನ ವೇಳೆಗೆ ದೇಶದಲ್ಲಿ ಉಳಿದುವು ಎರಡೇ ಪತ್ರಿಕೆಗಳು: ಗುರುವಾರದ ಪೊಲಿಟಿಕಸ್, ಸೋಮವಾರದ ‘ಪಬ್ಲಿಕ್ ಇಂಟೆಲಿಜೆನ್ಸರ್’. ಎರಡಕ್ಕೂ ಒಬ್ಬನೇ ನೀಡಮ್. ಅವುಗಳಲ್ಲಿ ಪರದೇಶದ ವಾರ್ತೆಗಳು ವಿಪುಲವಾಗಿದ್ದು, ಅಂದವಾಗಿಯೂ ಇದ್ದುವು. ಸ್ವದೇಶದ ವಾರ್ತೆ ಮಾತ್ರ ಬಡವಾಗುತ್ತ ಹೋಯಿತು. ರಾಜದ್ರೋಹವೆಂದು ದೊರೆಯನ್ನೇ ಕೊಂದ ರಾಷ್ಟ್ರವು, ಸುತ್ತಿ ಬಳಸಿ ಜೇಮ್ಸ್ ದೊರೆಯ 1621ರ ಷರತ್ತಿಗೇ ಬಂದು ನಿಂತಿತು. ಆ ಪುಟಗಳು ಔಲಿಕಸಿಗಿಂತ ಸಭ್ಯವಾಗಿವೆ, ನಿಖರವಾಗಿಯೂ ಇವೆ ಎಂದು ವಾದಿಸುವವರಿದ್ದಾರೆ. ಇರಬಹುದು. ಅವುಗಳಲ್ಲಿ ತಪ್ಪಿದ್ದರೆ ತಪ್ಪೆಂದು ಹೇಳಲು ಯಾರೂ ಇರಲಿಲ್ಲವಷ್ಟೆ.

1660ರಲ್ಲಿ ರಾಜತ್ವ ಮರಳಿತು; ನೀಡಮನು ಹಾಲೆಂಡಿಗೆ ಓಡಿ, ಕೆಲವು ಕಾಲದ ಮೇಲೆ ಕ್ಷಮೆ ಪಡೆದು ಹಿಂದಿರುಗಿ, ಮುಂದೆ ಎರಡನೆಯ ಚಾರ್ಲ್ಸನ ಸರ್ಕಾರಕ್ಕಾಗಿಯೂ ಬರೆದನೆಂದರೆ ವಾಚಕರು ಆಶ್ಚರ್ಯಪಡಲಾರರು. ಸುದ್ದಿಯ ಏಕಸ್ವಾಮ್ಯವು ರೋಜರ್ ಲೆಸ್ಟ್ರೇಂಜನ ಕೈಸೇರಿತು. 1663ರಲ್ಲಿ ತನ್ನ ಪತ್ರಿಕೆಯ ಮೊದಲ ಸಂಚಿಕೆಯಲ್ಲಿಯೇ ಅವನು, ಸಾರ್ವಜನಿಕ ಪತ್ರಿಕೆಯೆಂಬುದು ಜನಸಾಮಾನ್ಯರಿಗೆ ತಮ್ಮ ಮೇಲಿನವರ ಕಾರ್ಯಾಲೋಚನೆಗಳ ಪರಿಚಯವನ್ನು ಅತಿಯಾಗಿ ಮಾಡಿಸುತ್ತದೆಂದು ಆಕ್ಷೇಪಿಸಿದನು. ಪತ್ರಿಕೆಯನ್ನು ದ್ವೇಷಿಸುವ ಸಂಪಾದಕನನ್ನು ಸರ್ಕಾರವಲ್ಲದೆ ಮತ್ತಾರು ನೇಮಿಸಿಯಾರು? 1664ರಲ್ಲಿ ಜಾನ್ ಟ್ವಿನ್ ಎಂಬ ಮುದ್ರಕನು, ಪ್ರಭುತ್ವವನ್ನು ಎದುರಿಸಲು ಪ್ರಜೆಗಳಿಗೆ ಹಕ್ಕುಂಟೆಂಬ ಪುಸ್ತಕವನ್ನು ಅಚ್ಚುಮಾಡಿದ ತಪ್ಪಿಗೆ ಗಲ್ಲಿಗೇರಿದನು; ಗ್ರಂಥಕರ್ತನ ಹೆಸರನ್ನು ಮಾತ್ರ ಹೇಳಲಿಲ್ಲ.

ಮರುವರ್ಷ, 1665ರ ನವೆಂಬರಿನಲ್ಲಿ, ಪ್ಲೇಗಿಗೆ ಹೆದರಿ ಆಸ್ಥಾನವು ಆಕ್ಸ್‌ಫರ್ಡಿನಲ್ಲಿದ್ದಾಗ ಅಲ್ಲಿಯೇ ಹುಟ್ಟಿ, ಕೆಲವು ತಿಂಗಳಲ್ಲಿ ‘ಲಂಡನ್ ಗ್ಯಾಜೆಟ್’ ಎಂಬ ಹೆಸರನ್ನು ಪಡೆದ ಸರ್ಕಾರಿ ಪತ್ರಿಕೆಯು ಇಂದಿಗೂ ಪ್ರಕಟವಾಗುತ್ತಿದೆ. ಗ್ಯಾಜೆಟ್ ಎಂಬುದು ವೆನಿಸ್ಸಿನ ಒಂದು ಚಿಲ್ಲರೆ ನಾಣ್ಯದ ಹೆಸರೆಂದೂ, ಅಲ್ಲಿ ಸುದ್ದಿಪತ್ರದ ಬೆಲೆ ಅಷ್ಟಿದ್ದುದರಿಂದ ಪತ್ರಕ್ಕೇ ಆ ಹೆಸರು ಬಂದಿತೆಂದೂ ನಿಘಂಟುಕಾರರು ಹೇಳುತ್ತಾರೆ. ಫ್ರಾನ್ಸಿನಲ್ಲಿ 1631ರಲ್ಲಿ ರೆನೊಡೋ ಎಂಬ ವೈದ್ಯನು ಇದೇ ಹೆಸರಿನಿಂದ ಹೊರಡಿಸಿದ ಪತ್ರಿಕೆಗೆ ದೊರೆ ಹದಿಮೂರನೆಯ ಲೂಯಿಯು ತನ್ನ ಮುತ್ತಿಗೆಗಳ ವರದಿಯನ್ನು ತಾನೇ ಬರೆದುಕೊಡುತ್ತಿದ್ದನು. ನಮ್ಮ ವಾಚಕರಲ್ಲಿ ಗೆಜೆಟೆಡ್ ಅಧಿಕಾರಿಗಳಾಗಿರುವ ಮಹನೀಯರು ತಮ್ಮ ಬಿರುದಿನ ಮೂಲವು ಒಂದು ಸವೆದ ಕಾಸೆಂದು ತಿಳಿದು ಬೇಸರಿಸಬಾರದು. ಕನ್ನಡನಾಡಿಗೂ ಆ ಗ್ಯಾಜೆಟ್ಟಿಗೂ ಇರುವ ನಂಟು ಇಷ್ಟರಿಂದಲೇ ಮುಗಿಯುವುದಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ವೃತ್ತಾಂತವನ್ನು ಲಂಡನ್ನಿನ ಜನರು ಅಧಿಕೃತವಾಗಿ ಓದಿದ್ದು ಅದರ ಪುಟಗಳಲ್ಲಿಯೇ, ಗೆದ್ದ ಸೇನಾಪತಿಗಳ ಕಾಗದಗಳ ರೂಪದಲ್ಲಿ. ಕೋಟೆಯ ಒಳಗಿದ್ದವರ ಕಾಗದ ಅದರಲ್ಲಿ ಅಚ್ಚಾಗುವ ಸಂಭವವಿರಲಿಲ್ಲ.

ಮುಂಚಿತ ಅಪ್ಪಣೆಯ ಕಾನೂನು 1695ರಲ್ಲಿ ಇಂಗ್ಲೆಂಡಿನಲ್ಲಿ ಸತ್ತಿತು. ಯಾರೂ ಅದನ್ನು ಸ್ವಾತಂತ್ರ್ಯದ ಹೆಸರಿನಲ್ಲಿ ಕೊಲ್ಲಲಿಲ್ಲ. ಅವಧಿ ಮುಗಿದಾಗ ಪಾರ್ಲಿಮೆಂಟು ಅದನ್ನು ಮುಂದುವರಿಸದೆ ಬಿಟ್ಟಿತು. ಆ ವರ್ಷವೇ ಲಂಡನ್ನಿನಲ್ಲಿ ಹೊಸ ಪತ್ರಿಕೆಗಳು ತಲೆಯೆತ್ತಿದುವು. 1702ರ ಮಾರ್ಚ್ 11ರಂದು ಎಲಿಜಬೆತ್ ಮ್ಯಾಲೆಟ್ ಎಂಬ ಹೆಂಗಸು ಇಂಗ್ಲೆಂಡಿನ ಮೊದಲ ದಿನಪತ್ರಿಕೆ ‘ಡೇಲಿ ಕೂರಾಂಟ್’ ಅನ್ನು ಹೊರಡಿಸಿದಳು. ಒಂದೇ ಮಗ್ಗುಲಿಗೆ ಅಚ್ಚಾದ ಒಂದು ಹಾಳೆ. ಅದರಲ್ಲಿ ಸ್ವಂತ ವ್ಯಾಖ್ಯಾನವಿಲ್ಲ. ತಾವೇ ಯೋಚಿಸಿಕೊಳ್ಳುವಷ್ಟು ಬುದ್ಧಿ ವಾಚಕರಿಗೆ ಇದೆಯೆಂದು ನಂಬಿರುವುದಾಗಿ ಅವಳು ತಿಳಿಸಿದಳು. ಪ್ರತಿಯೊಂದು ಸುದ್ದಿಯ ತಲೆಯಲ್ಲಿ ಅದನ್ನು ಯಾವ ಪತ್ರಿಕೆಯಿಂದ ತೆಗೆದುದೆಂಬುದನ್ನು ನಮೂದಿಸಿದಳು: ಇದು ಹಾರ್ಲೆಮಿನ ಪತ್ರಿಕೆಯಿಂದ, ಇದು ಆಮ್‌ಸ್ಟರ್‌ಡ್ಯಾಮಿನದು, ಇದು ಪ್ಯಾರಿಸ್ಸಿನ ಗ್ಯಾಜೆಟ್ಟಿನಿಂದ. ಅದೇ ಮೇ ತಿಂಗಳಲ್ಲಿ ಇಂಗ್ಲೆಂಡೂ ಹಾಲೆಂಡೂ ಒಂದಾಗಿ ಫ್ರಾನ್ಸಿನ ಮೇಲೆ ಯುದ್ಧ ಸಾರಿದುವು.